ಯಾರ ತಂಟೆಗೂ ಹೋಗದ ಮಗುವಿನ ಬಗ್ಗೆ

ಎಲ್‌ಕೆಜಿ ಮತ್ತು ಯುಕೆಜಿ ಮಕ್ಕಳ ಪೋಷಕರಿಗೆ,

ನಮಸ್ಕಾರಗಳು.

ದಸರಾ ರಜೆ ಮುಗಿದು ಶಾಲೆ ಆರಂಭವಾದಂದಿನಿಂದ ದಿನವೂ ಬಿಡುವಿನ ವೇಳೆಯಲ್ಲಿ ಹೊಂಗೆ ಮರದ ಕೆಳಗೆ ಕುಳಿತು ಮಕ್ಕಳ ಆಟವನ್ನು ನೋಡುತ್ತಿದ್ದೇನೆ. ಅಲ್ಲಿ ಕಂಡ ಒಂದು ಸಂಗತಿ ಈ ಪತ್ರಕ್ಕೆ ಕಾರಣ.

ಯುಕೆಜಿ ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಿನ ಆಟ ಆಡುತ್ತಿದ್ದರು. ಕೊನೆಯಲ್ಲಿದ್ದ ಮಗು ಮುಂದಿನವನ ಅಂಗಿಗೆ ಕೈ ಚಾಚಿದಾಗಲೆಲ್ಲ ಅವನು ಮೈ ಕೊಡವಿ ಬಿಡಿಸಿಕೊಳ್ಳುತ್ತಿದ್ದ. ಮೂರನೆಯ ಸಲ ಹಿಂತಿರುಗಿ, "ನಮ್ ರೈಲು ಫುಲ್ಲಾಯ್ತು, ನಿನ್ ಜೊತೆ ಟೂ" ಎಂದ. ಮಗು ಅಳಲಿಲ್ಲ, ಮಿಸ್ ಬಳಿ ದೂರು ತರಲಿಲ್ಲ. ಚಪ್ಪಲಿ ಗೂಡಿನ ಪಕ್ಕ ಕುಳಿತು, ಗಂಟೆ ಹೊಡೆಯುವವರೆಗೂ ತನ್ನ ಶೂವಿನ ಪಟ್ಟಿಯನ್ನು ಕಿತ್ತು ಅಂಟಿಸುವುದರಲ್ಲೇ ಕಾಲ ಕಳೆಯಿತು. ಇದೇ ಮಗುವಿನ ಪ್ರಗತಿ ಪತ್ರದಲ್ಲಿ "ಶಾಂತ ಸ್ವಭಾವ, ಯಾರ ತಂಟೆಗೂ ಹೋಗುವುದಿಲ್ಲ" ಎಂಬ ಮೆಚ್ಚುಗೆಯ ಮಾತಿದೆ, ಅದರ ಕೆಳಗೆ ನನ್ನ ಸಹಿಯೂ ಇದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತಾಗಿದ್ದ ಮಗುವನ್ನು ನಾವು ಇಷ್ಟು ತಿಂಗಳು ಹೊಗಳುತ್ತಾ ಬಂದೆವು ಎಂಬುದು ನನ್ನನ್ನು ಬಹಳ ನೋಯಿಸಿದೆ. (ಮಗುವಿನ ತಂದೆ ತಾಯಿಯೊಂದಿಗೆ ಮಾತನಾಡಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಒಂಟಿಯಾಗಿ ಆಡುವುದೆಲ್ಲ ತೊಂದರೆಯ ಲಕ್ಷಣವಲ್ಲ. ಮರಳಿನಲ್ಲಿ ಕನ್ನಂಬಾಡಿ ಕಟ್ಟೆ ಕಟ್ಟುತ್ತಾ ಮೈಮರೆತ ಮಗುವನ್ನು ಅದರ ಪಾಡಿಗೆ ಬಿಡಬಹುದು. ನಾವು ಗಮನಿಸಬೇಕಾದದ್ದು, ಸೇರಿಕೊಳ್ಳುವ ಆಸೆಯಿದ್ದೂ ಹಿಂಜರಿದು ಆಟದ ಅಂಚಿನಲ್ಲೇ ನಿಲ್ಲುವ ಮಗುವನ್ನು. ತಳ್ಳಿದರೂ ಎದುರು ಮಾತನಾಡದ ಮಗು ಯಾವುದೆಂದು ಓರಗೆಯವರಿಗೆ ಬೇಗ ತಿಳಿಯುತ್ತದೆ. ಅವರು ದೂರವಿಟ್ಟಷ್ಟೂ ಅದು ಇನ್ನಷ್ಟು ಮುದುಡುತ್ತದೆ, ಮುದುಡಿದಷ್ಟೂ ದೂರವಿಡುವುದು ಸುಲಭವಾಗುತ್ತದೆ. ಹೊಡೆತವಿಲ್ಲದೆ, ಗೆಳೆತನವನ್ನೇ ಕಿತ್ತುಕೊಂಡು ನೋಯಿಸುವ ಈ ಬಗೆ ಶಾಲಾಪೂರ್ವ ವಯಸ್ಸಿನಲ್ಲೇ ಇರುತ್ತದೆಂದು ಮನೋವಿಜ್ಞಾನಿ ನಿಕಿ ಕ್ರಿಕ್ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದ್ದಾರೆ. ಮೈಮೇಲೆ ಗಾಯವಿಲ್ಲದ ಕಾರಣ ಅದು ದೊಡ್ಡವರ ಕಣ್ಣಿಗೆ ಬೀಳುವುದಿಲ್ಲ.

ಇಂಥ ಮಕ್ಕಳನ್ನು ತಮಗಿಂತ ಚಿಕ್ಕ ಮಗುವಿನೊಂದಿಗೆ, ಇಬ್ಬರನ್ನೇ, ಹತ್ತು ಸಲ ಆಡಲು ಬಿಟ್ಟಾಗ ತರಗತಿಯಲ್ಲಿ ಅವರ ಬೆರೆಯುವಿಕೆ ಸ್ಪಷ್ಟವಾಗಿ ಹೆಚ್ಚಿದ್ದನ್ನು ಮನೋವಿಜ್ಞಾನಿ ವಿಂಡಲ್ ಫರ್ಮನ್ ಮತ್ತು ಸಂಗಡಿಗರು 1979ರಲ್ಲಿ ವರದಿ ಮಾಡಿದ್ದರು. ಚಿಕ್ಕವರ ಮುಂದೆ ಆಟ ಶುರು ಮಾಡುವ ಧೈರ್ಯ ತಾನಾಗಿ ಬರುತ್ತದೆ. ಬರುವ ಸೋಮವಾರದಿಂದ ವಾರಕ್ಕೆರಡು ದಿನ ಯುಕೆಜಿಯ ಕೆಲವು ಮಕ್ಕಳು ಎಲ್‌ಕೆಜಿ ಮಕ್ಕಳೊಂದಿಗೆ ಜೋಡಿಯಾಗಿ ಆಡುವರು. ಬಿಡುವಿನಲ್ಲಿ ಒಬ್ಬ ಶಿಕ್ಷಕಿ ಆಟದೊಳಗೇ ಇರುವರು.

ಮನೆಯಲ್ಲಿ "ಇವತ್ತು ಯಾರು ಹೊಡೆದರು?" ಎಂದು ಕೇಳುವ ಬದಲು "ಯಾರ ಪಕ್ಕ ಕೂತು ಡಬ್ಬಿ ತಿಂದೆ?" ಎಂದು ಕೇಳಿ. "ನೀನೂ ತಿರುಗಿಸಿ ಹೊಡಿ" ಎನ್ನಬೇಡಿ. ಅದು ಆಗದ ಮಗುವಿಗೆ ಸೋಲು ಎರಡಾಗುತ್ತದೆ. ನೆಂಟರೆದುರು "ಇವಳಿಗೆ ತುಂಬಾ ನಾಚಿಕೆ" ಎಂದು ಪರಿಚಯಿಸುವುದನ್ನೂ ದಯವಿಟ್ಟು ನಿಲ್ಲಿಸಿ. ನಿಮ್ಮದೇ ಮಗು ಬೇರೊಬ್ಬರನ್ನು ದೂರವಿಡುತ್ತಿದೆ ಎಂದು ನಾವು ತಿಳಿಸಿದರೆ ನೊಂದುಕೊಳ್ಳಬೇಡಿ. ಐದು ವರ್ಷದ ಮಗುವಿಗೆ ಕೆಟ್ಟದ್ದು ಎಂಬ ಹಣೆಪಟ್ಟಿ ನಾವು ಹಚ್ಚುವುದಿಲ್ಲ. ಶಾಲೆಯ ಗೇಟಿನ ಬಳಿ ಇತರರ ಮಕ್ಕಳನ್ನು ಗದರಿಸಲು ಯಾರಿಗೂ ಅವಕಾಶವಿಲ್ಲ.

ಕಿವಿ ಸರಿಯಾಗಿ ಕೇಳಿಸದ ಕಾರಣದಿಂದಲೂ ಮಗು ಗುಂಪಿನಿಂದ ಹಿಂದೆ ಸರಿಯಬಹುದು. ಕರೆದರೆ ತಿರುಗದ, ಅಥವಾ ಮನೆಯಲ್ಲಿ ಹರಳು ಹುರಿದಂತೆ ಮಾತನಾಡಿ ಶಾಲೆಯಲ್ಲಿ ತಿಂಗಳಾದರೂ ಬಾಯಿ ಬಿಡದ ಮಗುವಿದ್ದರೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸುವುದು ಒಳ್ಳೆಯದು.

ಈ ತಿಂಗಳ ಎಲ್ಲಾ ಶನಿವಾರ ಮಧ್ಯಾಹ್ನ 12ರಿಂದ 2ರವರೆಗೆ ನನ್ನ ಕೊಠಡಿಯಲ್ಲಿರುತ್ತೇನೆ. ಮುಂಚಿತವಾಗಿ ತಿಳಿಸದೆಯೂ ಬರಬಹುದು. ಮಗುವನ್ನು ಜೊತೆಗೆ ಕರೆತರುವುದು ಬೇಡ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಮೈಸೂರು