ಗೆಳೆಯನಿಗೊಂದು ಪತ್ರ: ಮಗಳ ಮೊದಲ ಎಪೀ ಟೂರ್ನಿ

ಪ್ರಿಯ ಶ್ರೀಕಾಂತ,

ಸಿರಿ ಫೆನ್ಸಿಂಗ್‌ನಲ್ಲಿ (ಕತ್ತಿವರಸೆ ಆಟದಲ್ಲಿ) ಎಪೀ ಅನ್ನುವ ಬಗೆಯ ಕತ್ತಿ ಹಿಡಿದಿದ್ದಾಳೆ, ಮೊದಲ ಟೂರ್ನಿಗೆ ಹೆಸರನ್ನೂ ಕೊಟ್ಟಾಯಿತು ಅಂತ ಬರೆದಿದ್ದೀಯ. ಸಂತೋಷ. ಆಟ ಹೇಳಿಕೊಡಲು ಕೋಚ್ ಇದ್ದಾರೆ, ಅದರ ಗೊಡವೆ ನಿನಗೆ ಬೇಡ. ಆದರೆ ಮೊದಲ ಟೂರ್ನಿಯಲ್ಲಿ ಮಕ್ಕಳು ಕೈಬಿಡುವ ಎಷ್ಟೋ ಟಚ್‌ಗಳಿಗೆ (ಕತ್ತಿಯ ತುದಿ ತಾಗಿಸಿ ಗಳಿಸುವ ಅಂಕಗಳಿಗೆ) ಎದುರಾಳಿಯ ಕೈಚಳಕ ಕಾರಣವಲ್ಲ. ಸಡಿಲವಾದ ಸ್ಕ್ರೂ, ಒಳಗೇ ತುಂಡಾದ ವೈರ್, ಲೆಕ್ಕ ಗೊತ್ತಿಲ್ಲದ ಪೂಲ್ ಶೀಟ್ (ಮೊದಲ ಸುತ್ತಿನ ಗುಂಪಿನ ಅಂಕಪಟ್ಟಿ), ಇವೇ ಕಾರಣ. ನೀನು ಕೈಹಾಕಬೇಕಾದದ್ದು ಅಲ್ಲಿ.

ಕತ್ತಿ ಎರಡು, ಬಾಡಿ ವೈರ್ (ಜಾಕೆಟ್ಟಿನೊಳಗೆ ಹಾದು ಕತ್ತಿಗೂ ಅಂಕ ತೋರಿಸುವ ಯಂತ್ರಕ್ಕೂ ಸಂಪರ್ಕ ಕೊಡುವ ತಂತಿ) ಎರಡು, ನಾಲ್ಕೂ ಕೆಲಸ ಮಾಡುತ್ತಿರಬೇಕು. ಪಿಸ್ಟ್‌ಗೆ (ಆಡುವ ಉದ್ದನೆಯ ಅಂಕಣಕ್ಕೆ) ಒಂದೇ ಕತ್ತಿ ಹಿಡಿದು ಹೋದರೆ ಹಳದಿ ಕಾರ್ಡ್. ಅದೇ ಬೌಟ್‌ನಲ್ಲಿ (ಪಂದ್ಯದಲ್ಲಿ) ಇನ್ನೊಂದು ತಪ್ಪಾದರೆ ಕೆಂಪು, ಅಂದರೆ ಎದುರಾಳಿಗೆ ಪುಕ್ಕಟೆ ಒಂದು ಟಚ್. ಸಿರಿ ಎಡಗೈಯವಳಾದ್ದರಿಂದ ಜಾಕೆಟ್, ಅದರ ಒಳಗೆ ರಕ್ಷಣೆಗೆ ಹಾಕುವ ಪ್ಲಾಸ್ಟ್ರನ್, ಗ್ಲೌಸ್, ಕತ್ತಿಯ ಪಿಸ್ತೂಲಿನಾಕಾರದ ಹಿಡಿ ಎಲ್ಲವನ್ನೂ ಎಡಗೈಯದೇ ಕೇಳಿ ತಗೋ. ಪ್ಲಾಸ್ಟ್ರನ್ ಮೇಲೆ 800 ನ್ಯೂಟನ್ (ಚುಚ್ಚುವುದನ್ನು ತಡೆಯುವ ಶಕ್ತಿಯ ಅಳತೆ) ಅಂತ ಇದೆಯಾ ನೋಡು. ಹುಡುಗಿಯರಿಗೆ ಗಟ್ಟಿ ಎದೆಕವಚ ಕಡ್ಡಾಯ. ಮಂಡಿ ಬಗ್ಗಿಸಿ ನಿಂತಾಗಲೂ ಜಾಕೆಟ್ಟು ಪ್ಯಾಂಟಿನ ಮೇಲೆ 10 ಸೆಂ.ಮೀ. ಇಳಿದಿರಬೇಕು, ಗ್ಲೌಸಿನ ಬಾಯಿ ಮುಂಗೈಯ ಅರ್ಧದವರೆಗೆ ಬರಬೇಕು. ಹೇಗೂ ಬೆಳೆಯುವ ಹುಡುಗಿ ಅಂತ ದೊಡ್ಡ ಗ್ಲೌಸ್ ಕೊಡಿಸಬೇಡ ಮಾರಾಯ, ಒಳಗೆ ಬೆರಳು ಜಾರಿದರೆ ಕತ್ತಿಯ ತುದಿ ಹೇಳಿದ ಮಾತು ಕೇಳುವುದಿಲ್ಲ.

ಇನ್ನು ಆ ತುದಿಯ ವಿಚಾರ, ಇದನ್ನು ನಿಧಾನವಾಗಿ ಓದು. ಎಪೀಯ ತುದಿಯಲ್ಲೊಂದು ಪುಟ್ಟ ಗುಂಡಿ ಇದೆ. ಅದನ್ನು ಹಿಡಿದಿಡಲು ಪಕ್ಕದಲ್ಲಿ ಎರಡು ಸಣ್ಣ ಸ್ಕ್ರೂ, ಒಳಗೆ ಎರಡು ಸ್ಪ್ರಿಂಗ್. ಬೌಟ್‌ಗೆ ಮೊದಲು ರೆಫರಿ ಕತ್ತಿಯನ್ನು ನೆಟ್ಟಗೆ ನಿಲ್ಲಿಸಿ ತುದಿಯ ಮೇಲೆ 750 ಗ್ರಾಂ ತೂಕ ಇಡುತ್ತಾರೆ. ಒತ್ತಿ ಬಿಟ್ಟಾಗ ಗುಂಡಿ ಆ ತೂಕವನ್ನು ಮೇಲಕ್ಕೆ ಎತ್ತಬೇಕು. ಎತ್ತದಿದ್ದರೆ ದೊಡ್ಡ ಸ್ಪ್ರಿಂಗ್ ಸೋತಿದೆ ಅಂತ ಅರ್ಥ, ಬದಲಿಸು. ಆಮೇಲೆ ತೆಳು ಲೋಹದ ಗೇಜ್‌ಗಳ ಸರದಿ. 1.5 ಮಿ.ಮೀ. ಗೇಜ್ ಗುಂಡಿಯ ಸಂದಿಯಲ್ಲಿ ತೂರಬೇಕು. 0.5 ಮಿ.ಮೀ. ಗೇಜ್ ಇಟ್ಟು ಒತ್ತಿದಾಗ ಟಚ್ ತೋರಿಸುವ ಯಂತ್ರದ ದೀಪ ಹತ್ತಬಾರದು. ಹತ್ತಿದರೆ ಒಳಗಿನ ಸಣ್ಣ ಸ್ಪ್ರಿಂಗ್ ಉದ್ದವಾಗಿದೆ, ಕೊಂಚ ತಗ್ಗಿಸಬೇಕು. ತೂಕ, ಗೇಜ್ ಎರಡನ್ನೂ ಕೊಂಡಿಟ್ಟುಕೋ. ಹಿಂದಿನ ರಾತ್ರಿ ಮನೆಯಲ್ಲೇ ಪರೀಕ್ಷೆ ಮಾಡಿದರೆ ಬೆಳಗ್ಗೆ ಹಳದಿ ಕಾರ್ಡ್ ತಪ್ಪುತ್ತದೆ. ತುದಿಯ ಸ್ಕ್ರೂ ಪ್ರತಿ ಬೌಟ್ ಮುಗಿದ ಮೇಲೂ ನೋಡು, ಒಂದು ಕಳಚಿ ಬಿದ್ದರೆ ಸಭಾಂಗಣದ ನೆಲದಲ್ಲಿ ಮತ್ತೆ ಸಿಗುವ ಮಾತಿಲ್ಲ. ಸಣ್ಣ ಡಬ್ಬಿಯಲ್ಲಿ ನಾಲ್ಕಾರು ಸ್ಕ್ರೂ, ಎರಡು ಜೊತೆ ಸ್ಪ್ರಿಂಗ್, ಸರಿಯಾದ ಅಳತೆಯ ಸ್ಕ್ರೂಡ್ರೈವರ್, ಒಂದು ಮಲ್ಟಿಮೀಟರ್ ಇರಲಿ.

ಬಾಡಿ ವೈರ್ ಸಾಮಾನ್ಯವಾಗಿ ತುಂಡಾಗುವುದು ಪ್ಲಗ್‌ನ ಬುಡದಲ್ಲಿ. ಹೊರಗಿನಿಂದ ಕಾಣುವುದಿಲ್ಲ. ಮೀಟರ್ ಹಿಡಿದು ಮೂರೂ ಎಳೆ ಪರೀಕ್ಷಿಸುವಾಗ ವೈರನ್ನು ಆ ಕಡೆ ಈ ಕಡೆ ಅಲ್ಲಾಡಿಸು. ತಾಗಿದರೂ ದೀಪ ಹತ್ತದಿದ್ದರೆ ಮೊದಲೆರಡು ಎಳೆಗಳಲ್ಲಿ ಅಥವಾ ತುದಿಯಲ್ಲಿ ದೋಷ. ಎದುರಾಳಿಯ ತುದಿ ಸಿರಿಯ ಗಾರ್ಡ್‌ಗೆ (ಕತ್ತಿಯಲ್ಲಿ ಕೈ ಕಾಯುವ ಲೋಹದ ಬಟ್ಟಲಿಗೆ) ತಾಗಿದ್ದಕ್ಕೇ ದೀಪ ಹತ್ತುತ್ತಿದ್ದರೆ ಮೂರನೆಯದಾದ ಅರ್ಥಿಂಗ್ ಎಳೆ ಹೋಗಿದೆ, ಇಲ್ಲವೇ ಗಾರ್ಡ್‌ಗೆ ತುಕ್ಕು ಹಿಡಿದಿದೆ. ಒಂದು ಮಾತು ಅವಳಿಗೆ ಬಾಯಿಪಾಠ ಆಗಿರಲಿ: ಏನೋ ಕೆಟ್ಟಿದೆ ಅನ್ನಿಸಿದರೆ ಕೈ ಎತ್ತಿ ರೆಫರಿಗೆ ಹೇಳುವುದು, ಅವರು ನೋಡುವ ಮೊದಲು ಏನನ್ನೂ ಕಳಚಬಾರದು. ಅನುಮತಿ ಇಲ್ಲದೆ ಪ್ಲಗ್ ಕಿತ್ತರೆ ಅವಳ ವಿರುದ್ಧ ಬಿದ್ದ ಟಚ್ ರದ್ದಾಗುವ ಅವಕಾಶ ಅಲ್ಲಿಗೆ ಮುಗಿಯಿತು.

ಕರೆದಾಗ ಪಿಸ್ಟ್ ಬಳಿ ಇರಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫೆನ್ಸರ್ ಆಗಿ ಆಡಿದ ಭವಾನಿ ದೇವಿ ಅವರಿಗೇ 2007ರಲ್ಲಿ, ಟರ್ಕಿಯಲ್ಲಿ ನಡೆದ ಅವರ ಮೊದಲ ಅಂತರರಾಷ್ಟ್ರೀಯ ಟೂರ್ನಿಯಲ್ಲಿ, ಮೂರು ನಿಮಿಷ ತಡವಾದದ್ದಕ್ಕೆ ಕಪ್ಪು ಕಾರ್ಡ್ ಬಿತ್ತು, ಅಂದರೆ ಟೂರ್ನಿಯಿಂದಲೇ ಹೊರಗೆ. ಮೊದಲು ಹೆಸರು ಕರೆದವರು ರೆಫರಿಯ ಬಲಕ್ಕೆ ನಿಲ್ಲುವುದು ವಾಡಿಕೆ. ಆದರೆ ಬಲಗೈಯವರ ಎದುರು ಸಿರಿಯ ಹೆಸರು ಮೊದಲು ಬಂದರೆ ಅವಳು ಎಡಕ್ಕೆ ನಿಲ್ಲಬೇಕು.

ಮೊದಲ ಸುತ್ತಿನ ಗುಂಪಾದ ಪೂಲ್‌ನಲ್ಲಿ ಸಾಮಾನ್ಯವಾಗಿ ಆರು ಇಲ್ಲವೇ ಏಳು ಮಂದಿ, ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ಐದು ಟಚ್, ಮೂರು ನಿಮಿಷ. ಮಕ್ಕಳು ತಪ್ಪು ತಿಳಿಯುವುದು ಇಲ್ಲೇ: ಸೋತ ಬೌಟ್ ಸೋತದ್ದೇ ಅಂದುಕೊಂಡು ಕೈ ಚೆಲ್ಲುತ್ತಾರೆ. ಪೂಲ್ ಮುಗಿದ ಮೇಲೆ ಕ್ರಮಾಂಕಕ್ಕೆ ಮೊದಲು ಗೆಲುವಿನ ಪ್ರಮಾಣ, ಅದು ಸಮವಾದರೆ ಹೊಡೆದ ಟಚ್‌ಗಳಿಂದ ತಿಂದ ಟಚ್‌ಗಳನ್ನು ಕಳೆದ ಲೆಕ್ಕ. ಇಬ್ಬರು ಆರರಲ್ಲಿ ಮೂರು ಬೌಟ್ ಗೆದ್ದರು ಅನ್ನು, ಮೂರೂ 5-3. ಒಬ್ಬಳು ಉಳಿದ ಮೂರನ್ನು 4-5ರಲ್ಲಿ ಸೋತರೆ ಅವಳ ಲೆಕ್ಕ +3. ಇನ್ನೊಬ್ಬಳು 1-5ರಲ್ಲಿ ಸೋತರೆ -6. ಮುಂದಿನ ಹಂತದಲ್ಲಿ ಮೇಲಿನವರಿಗೆ ಕೆಳಗಿನವರು ಎದುರಾಗುವುದರಿಂದ ಆ ಒಂಬತ್ತರ ಅಂತರ ಎಂಥ ಎದುರಾಳಿ ಸಿಗುತ್ತಾಳೆ ಅನ್ನುವುದನ್ನೇ ಬದಲಿಸಿಬಿಡುತ್ತದೆ. ಆದ್ದರಿಂದ 0-4 ಆಗಿದ್ದರೂ ಒಂದು ಟಚ್ ಕಿತ್ತುಕೊಳ್ಳಬೇಕು. ಸಹಿ ಹಾಕುವ ಮೊದಲು ಶೀಟ್‌ನ ಅಂಕಿಗಳನ್ನು ಅವಳೇ ಕೂಡಿ ನೋಡಲಿ.

ಎಪೀಯಲ್ಲಿ ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದೊಳಗೆ ಇಬ್ಬರೂ ತಾಗಿಸಿದರೆ ಇಬ್ಬರಿಗೂ ಟಚ್. 4-2ರಲ್ಲಿ ಮುಂದಿದ್ದಾಗ ಹಾಗೆ ಜೋಡಿ ದೀಪ ಹತ್ತಿಸಿದರೆ ಸಾಕು, ಗೆಲುವು ಅವಳದು. 4-4ರಲ್ಲಿ ಮಾತ್ರ ಜೋಡಿ ಟಚ್ ಲೆಕ್ಕಕ್ಕಿಲ್ಲ. ಹೊಸಬರು ಎದೆಗೇ ನುಗ್ಗಿ ಮಣಿಕಟ್ಟಿಗೆ ತಿನ್ನುತ್ತಾರೆ. ಅದನ್ನು ಕೋಚ್ ನೋಡಿಕೊಳ್ಳಲಿ, ನೀನು ಬದಿಯಿಂದ ಕೂಗಬೇಡ.

ಪೂಲ್ ಆದ ಮೇಲೆ ನಾಕೌಟ್: 15 ಟಚ್, ಮೂರು ನಿಮಿಷದ ಮೂರು ಅವಧಿ, ನಡುವೆ ಒಂದು ನಿಮಿಷ ಬಿಡುವು. ಆ ನಿಮಿಷದಲ್ಲಿ ನೀರು ಕೊಟ್ಟು ಸುಮ್ಮನಿರು. ಪೂಲ್‌ಗೂ ನಾಕೌಟ್‌ಗೂ ನಡುವೆ ಎಷ್ಟು ಹೊತ್ತು ಕಾಯಬೇಕೋ ಹೇಳಲಾಗದು, ಬಾಳೆಹಣ್ಣು, ಚಿಕ್ಕಿ ಇಟ್ಟುಕೋ. ಹೊಟ್ಟೆ ತುಂಬ ಚಿತ್ರಾನ್ನ ಬೇಡ.

ಮನೆಗೆ ಬಂದ ಕೂಡಲೇ ಚೀಲ ಬಿಚ್ಚು. ಬೆವರಿನ ಜಾಕೆಟ್ ಜೊತೆ ರಾತ್ರಿಯಿಡೀ ಇದ್ದ ಕತ್ತಿಗೆ ತುಕ್ಕು ಹಿಡಿಯುತ್ತದೆ. ಪೂಲ್ ಶೀಟ್‌ನ ಫೋಟೋ ಕಳಿಸು, ಗೆದ್ದದ್ದಷ್ಟೇ ಅಲ್ಲ, ಪೂರ್ತಿ ಶೀಟ್.

ನಿನ್ನ,
ರಘು