ಹೊಸ ಅಧ್ಯಕ್ಷೆಗೂ, ಜೊತೆಗಿದ್ದ ಎಲ್ಲರಿಗೂ

ಬಡವರಿಗೆ ನೆರವಾಗುವ ಕ್ಯಾಥೋಲಿಕ್ ಸಂಘ ವಿನ್ಸೆಂಟ್ ಡಿ ಪಾಲ್. ವಿರಾಜಪೇಟೆ ಕಡೆಯ ಅದರ ನಮ್ಮ ಸಭೆಯ ಅಧ್ಯಕ್ಷ ಸ್ಥಾನವನ್ನು ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಬಿಟ್ಟುಕೊಟ್ಟೆ. ಹೊಸ ಅಧ್ಯಕ್ಷೆಗೆ ಇನ್ನೂ ಮೂವತ್ತು ತುಂಬಿಲ್ಲ. "ಇಷ್ಟು ಚಿಕ್ಕವಳಾ?" ಎಂದು ಕೆಲವರು ಕೇಳಿದರು. 1833ರಲ್ಲಿ ಪ್ಯಾರಿಸ್‌ನಲ್ಲಿ ಈ ಸಂಘ ಶುರುವಾದಾಗ ಅದನ್ನು ಕಟ್ಟಿದ ಫ್ರೆಡರಿಕ್ ಓಝಾನಂಗೆ ಬರೀ 20 ವರ್ಷ. ಜೊತೆಗಿದ್ದವರೂ ಓದುವ ಹುಡುಗರೇ. ಬಡವರ ಮನೆಗೆ ಹೇಗೆ ಹೋಗಬೇಕು ಎಂದು ಅವರಿಗೆ ದಾರಿ ತೋರಿಸಿದವರು ಅಲ್ಲಿನ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ರೊಸಾಲಿ.

ನನಗೆ ತೋರಿಸಿದವರು ನಮ್ಮ ಹಿಂದಿನ ಅಧ್ಯಕ್ಷರು. ಅವರು ಈಗಿಲ್ಲ. ಮೊದಲ ಧನ್ಯವಾದ ಅವರಿಗೇ. ಇಬ್ಬಿಬ್ಬರಾಗಿ ಮನೆ ಭೇಟಿಗೆ ಹೋಗುವುದು ಸಂಘದ ಪದ್ಧತಿ. ಕಾಫಿ ತೋಟಗಳಲ್ಲಿ ಕೆಲಸಗಾರರು ಇರುವ ಲೈನ್ ಮನೆಗಳಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹೋದ ಕೂಡಲೇ ಅಕ್ಕಿ ಚೀಲ ಇಳಿಸಲು ಬಿಡುತ್ತಿರಲಿಲ್ಲ. ಮೊದಲು ಕೂರಬೇಕು, ಕೊಟ್ಟ ಕರಿ ಕಾಫಿ ಕುಡಿಯಬೇಕು, ಮಕ್ಕಳ ಶಾಲೆ ವಿಷಯ ಕೇಳಬೇಕು. ಜಾತಿ, ಧರ್ಮ ಮಾತ್ರ ಕೇಳಬಾರದು. ಅವರ ಟ್ರೈನಿಂಗ್ ಅಂದರೆ ಇಷ್ಟೇ. ಭಾಷಣ ಮಾಡಿದ್ದನ್ನು ನಾನಂತೂ ಕೇಳಿಲ್ಲ.

ನಾನೂ ಹಾಗೆಯೇ ಹುಡುಗ ಹುಡುಗಿಯರನ್ನು ಕರೆದೊಯ್ದೆ. 2019ರ ಆಗಸ್ಟ್‌ನಲ್ಲಿ ತೋರ ಎಂಬ ಊರಿನಲ್ಲಿ ಗುಡ್ಡ ಕುಸಿಯಿತು, ಕರಡಿಗೋಡು ಊರಿಗೆ ಕಾವೇರಿ ನುಗ್ಗಿತು. ಆ ಮಳೆಯಲ್ಲಿ ಕೆಲಸ ಹೊತ್ತವರು ಇವರೇ. ಪರಿಹಾರ ಕೇಂದ್ರಕ್ಕೆ ಹಳೆ ಬಟ್ಟೆ ರಾಶಿ ಬಂದಿತ್ತು. ಇವರು ಹೆಂಗಸರ ಹತ್ತಿರ ಕೂತು ವಿಚಾರಿಸಿ, ಪ್ಯಾಡು, ಒಳಉಡುಪು, ಬಿಪಿ ಮತ್ತು ಸಕ್ಕರೆ ಕಾಯಿಲೆ ಮಾತ್ರೆಗಳ ಪಟ್ಟಿ ಮಾಡಿದರು. ಕೊಡುವಾಗ ಫೋಟೋ ಬೇಡ ಎಂದು ಹಠ ಹಿಡಿದವರೂ ಇವರೇ. ದಾನಿಯೊಬ್ಬರು ಮುನಿಸಿಕೊಂಡರು. ಮುನಿಸಿಕೊಳ್ಳಲಿ ಬಿಡಿ. ನಮ್ಮ ಸಭೆಯಲ್ಲಿ ಕಾಣಿಕೆ ಚೀಲ ಸುತ್ತು ಬರುವಾಗ ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ. ತಗೊಳ್ಳುವವರ ಮುಖ ಮಾತ್ರ ಊರಿಗೆಲ್ಲ ಯಾಕೆ ಕಾಣಬೇಕು, ಅಲ್ವಾ?

ಗೋಡೌನ್ ತೆರೆದುಕೊಟ್ಟ ತೋಟದ ಮಾಲೀಕರಿಗೆ, ಜೀಪು ಓಡಿಸಿದ ಮಸೀದಿಯ ಹುಡುಗರಿಗೆ, ನಮ್ಮ ಲೆಕ್ಕವನ್ನು ಪ್ರತಿ ತಿಂಗಳೂ ಬಿಡದೆ ಕೇಳಿದ ಫಾದರ್‌ಗೆ ತುಂಬಾ ಧನ್ಯವಾದ. ಮನೆಯವರಿಗೆ ಬೇರೆ ಹೇಳಬೇಕಾ? ಹೇಳಿದರೆ ನಗುತ್ತಾರೆ.

ಸಲಹೆಗಾರಳಾಗಿ ಇರಿ ಎಂದರು. ಬೇಡ ಎಂದೆ. ಹಳಬರು ಮೀಟಿಂಗ್‌ನಲ್ಲಿ ಸುಮ್ನೆ ಕೂತರೂ ಎಲ್ಲರೂ ಅವರ ಮುಖವನ್ನೇ ನೋಡುತ್ತಾರೆ. ಹೊಸಬರಿಗೆ ಅದು ಕಷ್ಟ. ಮನೆ ಭೇಟಿಗೆ ಮಾತ್ರ ಹೆಸರು ಕೊಟ್ಟಿದ್ದೇನೆ.

ಮಳೆಗಾಲ ಹತ್ತಿರ ಬಂತು. ಟಾರ್ಪಾಲು, ಕಂಬಳಿ ಕೊಡುವವರು ದಯವಿಟ್ಟು ಹೊಸ ಅಧ್ಯಕ್ಷೆಗೇ ಹೇಳಿ. ನನಗೆ ಹೇಳಿದರೆ ನಾನೂ ಅವಳನ್ನೇ ಕೇಳಬೇಕು. ಈ ವಾರ ನಾನು ಯಾವ ಲೈನ್ ಮನೆಗೆ, ಯಾರ ಜೊತೆ ಹೋಗಬೇಕು ಎಂದು ಹೇಳುವವಳೂ ಅವಳೇ.