ಮಡಿಯಲ್ಲಿರುವ ಗವಿ

ಮುಟ್ಟಬೇಡಿ ಎನ್ನುವ ಮಾತು ನಮ್ಮವರಿಗೆ ಹೊಸದೇನಲ್ಲ. ಮಡಿಯುಟ್ಟ ಅಜ್ಜಿಯ ಸೆರಗು ತಾಗದಂತೆ ಓಡಾಡಿ ಬೆಳೆದವರು ನಮ್ಮಲ್ಲಿ ಎಷ್ಟೋ ಜನ. ಆದರೂ ನಮ್ಮ ಕನ್ನಡ ಸಂಘದ ಕೆಲವು ಕುಟುಂಬಗಳು ಸೇರಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಯಾನ್ ಆಂಟೋನಿಯೊ ಹತ್ತಿರದ ಸುಣ್ಣಕಲ್ಲಿನ ಗವಿ ನ್ಯಾಚುರಲ್ ಬ್ರಿಡ್ಜ್ ಕ್ಯಾವರ್ನ್ಸ್‌ಗೆ ಹೋದಾಗ ಗೈಡ್ ಹುಡುಗಿ ಗವಿಯ ಕಲ್ಲಿನ ಬಗ್ಗೆ ಅದನ್ನೇ ಹೇಳಿ ಹೇಳಿ ಸುಸ್ತಾದಳು. ಮಕ್ಕಳು ಮಾತು ಕೇಳಿದರು, ದೊಡ್ಡವರ ಕೈಯೇ ಸುಮ್ಮನಿರಲಿಲ್ಲ.

ಅವಳು ಕೊಟ್ಟ ಕಾರಣ ಮಾತ್ರ ಗಟ್ಟಿ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಕಾರ್ಬನ್ ಡೈಆಕ್ಸೈಡ್ ಸೇರಿ ತುಸು ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಂಡು ಇಳಿಯುತ್ತದೆ. (ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಅದರ ಮೇಲೆ ನಿಂಬೆರಸ ಚೆಲ್ಲಿ ಅಮ್ಮನಿಂದ ಬೈಸಿಕೊಂಡವರಿಗೆ ಈ ಕೆಮಿಸ್ಟ್ರಿ ಗೊತ್ತು.) ಗವಿಯ ಗಾಳಿ ತಾಗಿದೊಡನೆ ಆ ಅನಿಲ ಹಾರಿಹೋಗಿ, ಹೊತ್ತು ತಂದ ಸುಣ್ಣ ಕಲ್ಲಿಗೆ ಅಂಟುತ್ತದೆ, ಹೀಗೇ ಕಲ್ಲು ಬೆಳೆಯುತ್ತದೆ. ನಮ್ಮ ಕೈಯ ಜಿಡ್ಡು ಹತ್ತಿದ ಕಡೆ ನೀರು ಹಿಡಿಯುವುದಿಲ್ಲ. ಅಲ್ಲಿಗೆ ಬೆಳವಣಿಗೆ ನಿಂತು ಕಲ್ಲು ಕಪ್ಪಾಗುತ್ತದೆ.

ಚಾವಣಿಯಿಂದ ಇಳಿಬಿದ್ದ ಸೋಡಾ ಸ್ಟ್ರಾಗಳನ್ನು ಹತ್ತಿರದಿಂದ ನೋಡಿ. ಸಣ್ಣ ಕೊಳವೆ, ಒಳಗೆ ಟೊಳ್ಳು. ತುದಿಯಲ್ಲಿ ಒಂದು ಹನಿ ಬೀಳಲೋ ಬೇಡವೋ ಎಂದು ತೂಗಾಡುತ್ತಿರುತ್ತದೆ. ಬೀಳುವ ಮುಂಚೆ ಕೊಳವೆಯ ಅಂಚಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಸುಣ್ಣದ ಉಂಗುರ ಬಿಟ್ಟುಹೋಗುತ್ತದೆ. ಉಂಗುರದ ಕೆಳಗೆ ಉಂಗುರ ಕೂತೇ ಅದು ಇಷ್ಟುದ್ದ ಬಂದದ್ದು. ನನಗಂತೂ ‘ಕಿಂಗ್ಸ್ ಥ್ರೋನ್’ ಎಂದು ಹೆಸರಿಟ್ಟು ದೀಪ ಬಿಟ್ಟಿರುವ ಭಾರಿ ಕಂಬಕ್ಕಿಂತ ಇದೇ ಹಿಡಿಸಿತು. ಸಿಂಹಾಸನ ಎಂದು ಮೊದಲೇ ಹೇಳಿಬಿಟ್ಟರೆ ಕಣ್ಣಿಗೆ ಬೇರೇನೂ ಕಾಣುವುದಿಲ್ಲ.

ಈ ಗವಿ ಪತ್ತೆಯಾದದ್ದು 1960ರ ಮಾರ್ಚ್‌ನಲ್ಲಿ. ಸೇಂಟ್ ಮೇರೀಸ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಜಮೀನಿನವರ ಒಪ್ಪಿಗೆ ಪಡೆದು, ಇಕ್ಕಟ್ಟಿನ ಸಂದಿಯಲ್ಲಿ ತೆವಳಿ ಒಳಗೆ ಹೋದರು. 1964ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಇಂದಿಗೂ ಆ ಜಮೀನಿನ ಮನೆತನದವರೇ ನಡೆಸುತ್ತಿದ್ದಾರೆ. ಹೆಸರು ಬಂದದ್ದು ಬಾಗಿಲಲ್ಲೇ ಇರುವ 60 ಅಡಿಯ ಸುಣ್ಣಕಲ್ಲಿನ ಸೇತುವೆಯಿಂದ.

ನಮ್ಮ ಕಡೆ ದಾಂಡೇಲಿ ಕಾಡಿನ ಕವಳಾ ಗವಿಯಲ್ಲಿ ಹೀಗೇ ಬೆಳೆದ ಕಲ್ಲಿಗೆ ಶಿವಲಿಂಗವೆಂದು ಪೂಜೆ ನಡೆಯುತ್ತದೆ. ಅಲ್ಲಿ ಮುಟ್ಟಬೇಡಿ ಎಂದು ಯಾರು ಯಾರಿಗೆ ಹೇಳುವುದು? ಭಕ್ತಿಯ ಕೈಗೂ ಜಿಡ್ಡಿರುತ್ತದೆ ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ಬರಲಿ, ನನಗೆ ಪತ್ರ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.

ಹೋಗುವವರಿಗೆ ಇಷ್ಟು: ಒಳಗೆ ವರ್ಷಪೂರ್ತಿ ಸುಮಾರು 21 ಡಿಗ್ರಿ ಸೆಲ್ಸಿಯಸ್, ಸ್ವೆಟರ್ ಬೇಡ. ತೇವಾಂಶ 99 ಪ್ರತಿಶತ, ಕನ್ನಡಕ ಮಂಜಾಗುತ್ತದೆ. ದಾರಿ ಒದ್ದೆ, ಚಪ್ಪಲಿ ಜಾರುತ್ತದೆ, ಶೂ ಹಾಕಿಕೊಳ್ಳಿ. ಸುಮಾರು 180 ಅಡಿ ಆಳಕ್ಕೆ ಇಳಿದು ಅಷ್ಟನ್ನೂ ಹತ್ತಿ ಬರಬೇಕು. ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಟಿಕೆಟ್ ತೆಗೆಯುವ ಮೊದಲು ಅವರ ಮಂಡಿನೋವಿನ ಬಗ್ಗೆ ಒಂದು ಮಾತು ಕೇಳಿ.